ಪದ ಬೇಕು: ಮೇಲಿಂದ ಮೇಲೆ ಗಾಯವಾಗುವ ಆಟಗಾರನಿಗೆ ಒಂದೇ ಮಾತು (ಇವತ್ತು ಸಂಜೆಯೊಳಗೆ)

ಬೆಂಗಳೂರಿನಿಂದ, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಸಂಜೆ ಆರಕ್ಕೆ ಪುಟ ಕೊಡಬೇಕು, ಹಾಗಾಗಿ ಸ್ವಲ್ಪ ಅವಸರ.

ಫ್ರಾನ್ಸಿನ ಫುಟ್‌ಬಾಲ್ ಆಟಗಾರ ಉಸ್ಮಾನ್ ಡೆಂಬೆಲೆ ಬಗ್ಗೆ ಉದ್ದದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈಗ 2023ರ ಆಗಸ್ಟ್‌ಗೆ ಬಂದಿದ್ದೇನೆ. ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಸುಮಾರು 5 ಕೋಟಿ ಯೂರೋ ಕೊಟ್ಟು ಅವನನ್ನು ಬಾರ್ಸಿಲೋನಾದಿಂದ ಕರೆತಂದಿದೆ. ಅಲ್ಲಿನ ಅಭಿಮಾನಿಗಳು ಅಳೆದು ತೂಗುತ್ತಿದ್ದಾರೆ. ಹುಡುಗ ಎರಡೂ ಕಾಲಲ್ಲಿ ಸಲೀಸಾಗಿ ಆಡುತ್ತಾನೆ. ಎಡಕ್ಕೆ ನುಗ್ಗುತ್ತಾನೋ ಬಲಕ್ಕೋ, ಎದುರು ನಿಂತವನಿಗೆ ಗೊತ್ತಾಗುವುದಿಲ್ಲ. 2021-22ರಲ್ಲಿ ಸ್ಪೇನ್ ಲೀಗ್‌ನಲ್ಲಿ ಗೋಲಿಗೆ ಪಾಸ್ ಕೊಟ್ಟವರಲ್ಲಿ ಅವನೇ ಮೊದಲು, 13 ಪಾಸು. ಎಲ್ಲ ಸರಿ, ಆದರೆ ಎಷ್ಟು ದಿನ ಮೈದಾನದಲ್ಲಿ ಇರುತ್ತಾನೆ? ನನ್ನ ತಲೆನೋವು ಇಲ್ಲಿಂದ ಶುರು: ‘ಇಂಜುರಿ ಪ್ರೋನ್’. ಪುಟದ ತುಂಬಾ ಅದೇ ಇದೆ, ಶೀರ್ಷಿಕೆಯಲ್ಲೂ.

‘ಗಾಯಾಳು’ ಆಗುವುದಿಲ್ಲ. ಗಾಯಾಳು ಅಂದರೆ ಈಗ ಗಾಯಗೊಂಡು ಮಲಗಿರುವವನು. ಡೆಂಬೆಲೆ ಪ್ಯಾರಿಸ್‌ಗೆ ಬಂದಾಗ ಚೆನ್ನಾಗಿಯೇ ಇದ್ದ. ‘ಪದೇ ಪದೇ ಗಾಯಗೊಳ್ಳುವ’ ಅನ್ನಬಹುದು, ಆದರೆ ಶೀರ್ಷಿಕೆಗೆ ಉದ್ದ. ಜೊತೆಗೆ ‘ವಿಂಗರ್’ಗೆ (ಮೈದಾನದ ಬದಿಯಲ್ಲಿ ಆಡುವವನು) ಏನಾದರೂ ಇದ್ದರೆ ತಿಳಿಸಿ. ಇಲ್ಲದಿದ್ದರೆ ಹಾಗೇ ಬಿಡುತ್ತೇನೆ.

ಮೈಸೂರಿನಿಂದ, 10.05

ಗಾಯಗುಳಿ.

ಲಂಚಗುಳಿ ಇದೆಯಲ್ಲ, ಹಾಗೆ. ‘ಗುಳಿ’ ಬಂದದ್ದು ‘ಕೊಳ್’ ಧಾತುವಿನಿಂದ. ಲಂಚ ಕೊಳ್ಳುವವನು ಲಂಚಗುಳಿ, ಗಾಯಗೊಳ್ಳುವವನು ಗಾಯಗುಳಿ. ‘ಗಾಯಗೊಂಡು’ ಎಂದು ನೀವೇ ಬರೆದಿದ್ದೀರಿ. ಪದ ಅದರೊಳಗೇ ಕೂತಿದೆ. ಇದಕ್ಕೆ ಸಂಜೆಯವರೆಗೆ ಕಾಯಬೇಕಿಲ್ಲ.

ಶಿವಮೊಗ್ಗದಿಂದ, 10.30

ಮೇಶ್ಟ್ರೇ, ಹಾಗಾದರೆ ಮರೆಗುಳಿ ಏನನ್ನು ಕೊಳ್ಳುತ್ತಾನೆ?

ಅದಿರಲಿ. ‘ಗಾಯ’ವೇ ಕನ್ನಡದ್ದಲ್ಲ. ಸಂಸ್ಕ್ರುತದ ‘ಗಾತ’ ಪ್ರಾಕ್ರುತದ ಬಾಗಿಲಿಂದ ಒಳಗೆ ಬಂದು ‘ಗಾಯ’ ಆಯಿತು. ನಮ್ಮಲ್ಲಿ ಪೆಟ್ಟು, ಏಟು, ಹುಣ್ಣು, ಉಳುಕು ಇಶ್ಟೆಲ್ಲ ಇರುವಾಗ ಅದು ಯಾಕೆ ಬೇಕು? ನನ್ನ ಸಲಹೆ: ‘ಪೆಟ್ಟೊಲವಿನ ಆಟಗಾರ’. ಒಂದು ಕಡೆಗೆ ವಾಲುವುದೇ ಒಲವು. ‘ಪ್ರೋನ್’ ಅಂದರೂ ಅದೇ. ವಿಂಗರ್‌ಗೆ ‘ಬದಿಯಾಟಗಾರ’. ‘ಪಕ್ಕ’ ಬೇಡ, ಅದು ‘ಪಕ್ಶ’ದಿಂದ ಬಂದದ್ದು. ಮತ್ತೆ, ಅದು ಕಾಲ್ಚೆಂಡು. ಫುಟ್‌ಬಾಲ್ ಅಲ್ಲ.

ಮೈಸೂರಿನಿಂದ, 10.40

‘ಗಾತ’ ಅಲ್ಲ, ಘಾತ. ಘಕಾರ ಬರೆಯಲು ಒಪ್ಪದವರು ವ್ಯುತ್ಪತ್ತಿ ಹೇಳಲು ಹೊರಟರೆ ಹೀಗೇ ಆಗುವುದು. ತದ್ಭವ ಕನ್ನಡವಲ್ಲ ಎಂದಾದರೆ ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲಿ ಅದಕ್ಕೇ ಒಂದು ಪ್ರಕರಣ ಬರೆದದ್ದು ಯಾಕೆ? ಸುಮ್ನೆ ಹೊತ್ತು ಹೋಗಲಿ ಅಂತಲಾ?

ಧಾರವಾಡದಿಂದ, 11.15

ಪೆಟ್ಟಿನ ಮ್ಯಾಲೆ ಯಾರಿಗರೆ ಒಲವು ಇರತೈತೇನ್ರೀ? ‘ಪೆಟ್ಟೊಲವಿನ ಆಟಗಾರ’ ಅಂದರೆ ಒದೆ ತಿನ್ನೋದಕ್ಕೆ ಆಸೆಪಟ್ಟು ಮೈದಾನಕ್ಕೆ ಇಳಿದವನು ಅನ್ನಿಸುತ್ತದೆ. ಅಂದ ಹಾಗೆ, ‘ಸಲಹೆ’ ಅರಬ್ಬಿಯಿಂದ ಬಂದದ್ದು ಸಾಹೇಬರೇ. ಗಾಯಕ್ಕೆ ಮಾತ್ರ ಯಾಕೆ ತಕರಾರು? ತಕರಾರೂ ಅರಬ್ಬಿಯದೇ.

ನಾನು ಸರ್ಕಾರಿ ಪ್ರಕಟಣೆಗಳನ್ನು ಅನುವಾದ ಮಾಡುವವನು. ಈ ‘ಪ್ರೋನ್’ ನಮಗೆ ಹಳೆಯ ಗಂಟು. ಹೆದ್ದಾರಿಯಲ್ಲಿ ಹಳದಿ ಬೋರ್ಡ್ ನೋಡಿ: ‘ಅಪಘಾತ ವಲಯ’. ಇಂಗ್ಲಿಷಿನಲ್ಲಿದ್ದ ‘ಪ್ರೋನ್’ ಅನ್ನು ಕನ್ನಡದಲ್ಲಿ ಕೈಬಿಟ್ಟಿದ್ದಾರೆ. ಅರ್ಥ ಎಲ್ಲೂ ಕೆಟ್ಟಿಲ್ಲ, ಲಾರಿ ಡ್ರೈವರ್ ಕೂಡ ನಿಧಾನ ಮಾಡುತ್ತಾನೆ. ಆದರೆ ‘ಬರಪೀಡಿತ’, ‘ಪ್ರವಾಹ ಪೀಡಿತ’ ಅಂತ ಬರೆಯುವಾಗ ನಾವು ಎರಡನ್ನು ಕಲಸಿಬಿಟ್ಟಿದ್ದೇವೆ. ಈಗ ನೀರು ನುಗ್ಗಿರುವ ಊರೂ ಪ್ರವಾಹ ಪೀಡಿತ, ನುಗ್ಗಬಹುದಾದ ಊರೂ ಪ್ರವಾಹ ಪೀಡಿತ. ಯಾರಾದರೂ ‘ಗಾಯಪೀಡಿತ’ ಅಂತ ಹೇಳುವ ಮೊದಲೇ ಹೇಳಿದ್ದೇನೆ, ಬೇಡ.

‘ಇಂಜುರಿ ಪ್ರೋನ್’ ಅಂತಲೇ ಬರೆಯಿರಿ. ಮ್ಯಾಚ್ ನೋಡುವವರಿಗೆ ತಿಳಿಯುತ್ತದೆ. ನೋಡದವರು ಆ ಪುಟ ಓದುವುದಿಲ್ಲ.

ಬೆಂಗಳೂರಿನಿಂದ, 11.50

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ‘ಗಾಯಗುಳಿ’ ಕಿವಿಗೆ ಚೆನ್ನಾಗಿದೆ. ಕೆನ್ನೆಯ ಗುಳಿ ನೆನಪಾಗುತ್ತದೆ ಅನ್ನುವುದನ್ನು ಬಿಟ್ಟುಬಿಡೋಣ. ನನಗೆ ಅಡ್ಡ ಬರುತ್ತಿರುವುದು ಬೇರೆ. ಲಂಚಗುಳಿ, ಮರೆಗುಳಿ, ಬಾಯಿಬಡುಕ, ಮಾತುಬುರುಕ: ಈ ಜಾತಿಯ ಪದಗಳಲ್ಲೆಲ್ಲ ಬೈಗುಳದ ವಾಸನೆ ಇದೆ. ಅವನ ಗುಣವೇ ಹಾಗೆ, ತಪ್ಪು ಅವನದೇ ಅನ್ನುವ ಧಾಟಿ. ಲೇಖನದ ಅಭಿಮಾನಿಗಳು ಜಗಳ ಆಡುವುದೇ ಇದರ ಮೇಲೆ. ಒಬ್ಬರು ಅವನ ಮೈಯೇ ಹಾಗೆ ಅನ್ನುತ್ತಾರೆ. ಇನ್ನೊಬ್ಬರು, ನಸೀಬು ಕೆಟ್ಟಿತ್ತು, ಅಷ್ಟೇ ಅನ್ನುತ್ತಾರೆ. ನಾನು ಪದದಲ್ಲೇ ತೀರ್ಪು ಕೊಟ್ಟುಬಿಟ್ಟರೆ ಎರಡನೆಯವರಿಗೆ ಮಾತಾಡಲು ಏನು ಉಳಿಯುತ್ತದೆ?

ಫುಟ್‌ಬಾಲ್ ಫುಟ್‌ಬಾಲ್ ಆಗಿಯೇ ಇರುತ್ತದೆ. ಅದರ ಚರ್ಚೆ ಇವತ್ತು ಬೇಡ, ದಯವಿಟ್ಟು.

ಮಂಗಳೂರಿನಿಂದ, ಮಧ್ಯಾಹ್ನ 12.30

ನಾನು ಫಿಸಿಯೋಥೆರಪಿಸ್ಟ್. ವ್ಯಾಕರಣ ನನಗೆ ಬರುವುದಿಲ್ಲ, ಕಾಲು ಗೊತ್ತು.

ಡೆಂಬೆಲೆಗೆ ಏನಾಯಿತು ಅಂತ ಮೊದಲು ನೋಡಿ. 2017ರ ಆಗಸ್ಟ್‌ನಲ್ಲಿ ನೇಮಾರ್‌ನನ್ನು 22.2 ಕೋಟಿ ಯೂರೋಗೆ ಮಾರಿದ ಬಾರ್ಸಿಲೋನಾ, ಅದೇ ತಿಂಗಳು 10.5 ಕೋಟಿ ಕೊಟ್ಟು ಇವನನ್ನು ಡಾರ್ಟ್‌ಮಂಡ್‌ನಿಂದ ತಂದಿತು. ಸೆಪ್ಟೆಂಬರ್‌ನಲ್ಲಿ ಗೆಟಾಫೆ ಊರಲ್ಲಿ ಮ್ಯಾಚು. ಚೆಂಡಿನ ಹಿಂದೆ ಓಡಿ ಹಿಮ್ಮಡಿಯಲ್ಲಿ ಒದೆಯಲು ಹೋದ. ಎಡತೊಡೆಯ ಹಿಂದಿನ ಸ್ನಾಯುರಜ್ಜು ಹರಿಯಿತು. ಯಾರೂ ಅವನನ್ನು ಮುಟ್ಟಿರಲಿಲ್ಲ. ಫಿನ್‌ಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ, ಮತ್ತೆ ಆಡಿದ್ದು 2018ರ ಜನವರಿಯಲ್ಲಿ. 2020ರ ಫೆಬ್ರುವರಿಯಲ್ಲಿ ತರಬೇತಿ ನಡೆಯುವಾಗ ಬಲತೊಡೆ. ಮತ್ತೆ ಫಿನ್‌ಲೆಂಡ್. 2021ರ ಜೂನ್‌ನಲ್ಲಿ ಯೂರೋ ಟೂರ್ನಿಯಲ್ಲಿ ಹಂಗರಿ ವಿರುದ್ಧ ಆಡುವಾಗ ಮೊಣಕಾಲು.

ಇದರಲ್ಲಿ ಪೆಟ್ಟು ಎಲ್ಲಿದೆ? ಪೆಟ್ಟು ಬೀಳಬೇಕಾದರೆ ಹೊಡೆಯುವವನು ಬೇಕು, ಇಲ್ಲ ಗೋಡೆಯಾದರೂ ಬೇಕು. ಗಾಯ ಅಂದರೆ ನಮ್ಮ ಕ್ಲಿನಿಕ್‌ಗೆ ಬರುವವರ ಮಾತಿನಲ್ಲಿ ಚರ್ಮ ಒಡೆದು ರಕ್ತ ಬಂದದ್ದು. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಹರಿದವರು ಯಾರೂ ಗಾಯ ಆಗಿದೆ ಅನ್ನುವುದಿಲ್ಲ. ‘ಮಸಲ್ ಹಿಡಿದಿದೆ’ ಅಂತಾರೆ, ‘ನರ ಎಳೆದಿದೆ’ ಅಂತಾರೆ. ನರಕ್ಕೆ ಏನೂ ಆಗಿರುವುದಿಲ್ಲ, ಅದು ಬೇರೆ ಮಾತು.

ಪೂರ್ತಿ ವೇಗದಲ್ಲಿ ಓಡುವಾಗ ಮುಂದಕ್ಕೆ ಬೀಸಿದ ಕಾಲನ್ನು, ಅದು ನೆಲ ಮುಟ್ಟುವ ಮೊದಲು, ಹಿಡಿದು ನಿಲ್ಲಿಸುವುದು ತೊಡೆಯ ಹಿಂದಿನ ಮೂರು ಸ್ನಾಯುಗಳು. ಓಟದಲ್ಲಿ ಅವು ಹರಿಯುವುದೂ ಜಾಸ್ತಿ ಆ ಗಳಿಗೆಯಲ್ಲೇ. ಹೊರಬದಿಯ ಬೈಸೆಪ್ಸ್ ಫೆಮೋರಿಸ್‌ಗೆ ಏಟು ಹೆಚ್ಚು. ವಿಂಗರ್‌ನ ಕೆಲಸವೇ ನಿಂತಲ್ಲಿಂದ ಚಿಮ್ಮುವುದು, ಓಡುತ್ತಾ ತಟ್ಟನೆ ನಿಲ್ಲುವುದು, ಮತ್ತೆ ಚಿಮ್ಮುವುದು. ಅದರ ಮೇಲೆ, ಒಮ್ಮೆ ಹರಿದ ಸ್ನಾಯು ಇನ್ನೊಮ್ಮೆ ಹರಿಯುವ ಅಪಾಯ ಹೆಚ್ಚು. ಹಾಗಾಗಿ ಬರೀ ನಸೀಬೂ ಅಲ್ಲ, ಗುಣದೋಷವಂತೂ ಅಲ್ಲವೇ ಅಲ್ಲ.

ಹ್ಯಾಮ್‌ಸ್ಟ್ರಿಂಗ್‌ಗೆ ಪತ್ರಿಕೆಯವರು ಬರೆಯುವ ‘ಮಂಡಿರಜ್ಜು’ ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಹರಿಯುವುದು ತೊಡೆಯಲ್ಲಿ, ಬರೆಯುವುದು ಮಂಡಿ!

ಮೈಸೂರಿನಿಂದ, 12.50

ಸಿಟ್ಟು ಇಂಗ್ಲಿಷರ ಮೇಲೆ ತೋರಿಸಿ. ಅವರ ‘ಹ್ಯಾಮ್’ ಎಂಬುದಕ್ಕೆ ಮೂಲದಲ್ಲಿ ಮಂಡಿಯ ಹಿಂದಿನ ತಗ್ಗು ಎಂದೇ ಅರ್ಥ. ‘ಸ್ಟ್ರಿಂಗ್’ ರಜ್ಜು. ಮಂಡಿರಜ್ಜು ಮಾಡಿದವನು ಇಂಗ್ಲಿಷನ್ನು ಸರಿಯಾಗಿಯೇ ಓದಿದ್ದಾನೆ.

ಮಂಗಳೂರಿನಿಂದ, 12.55

ಇಂಗ್ಲಿಷ್ ಓದಿದ್ದಾನೆ, ಕಾಲು ನೋಡಿಲ್ಲ.

ಮ್ಯೂನಿಕ್‌ನಿಂದ, 1.40

ಇಲ್ಲಿನವರು ಇದಕ್ಕೆ ‘ಫರ್ಲೆಟ್ಸುಂಗ್ಸ್‌ಆನ್‌ಫೆಲಿಷ್’ ಅನ್ನುತ್ತಾರೆ. ಉಸಿರು ಬಿಗಿಹಿಡಿದು ಓದಿ. ‘ಆನ್‌ಫೆಲಿಷ್’ ಅಂದರೆ ಬೇಗ ತಗುಲಿಸಿಕೊಳ್ಳುವ. ಕಾಯಿಲೆಗೂ ಅದೇ ಮಾತು. ಡಚ್ಚರ ‘ಬ್ಲೆಸ್ಯೂರಖೆವೂಲಿಖ್’ ಅಂತೂ ನೇರವಾಗಿ ‘ಗಾಯಕ್ಕೆ ಸೂಕ್ಷ್ಮ’ ಎಂದೇ ಹೇಳುತ್ತದೆ. ಎರಡರಲ್ಲೂ ಬೈಗುಳ ಇಲ್ಲ.

ಡಚ್ ಆಟಗಾರ ಆರ್ಯನ್ ರಾಬೆನ್ ಕಥೆ ಇಲ್ಲಿ ಈಗಲೂ ಹೇಳುತ್ತಾರೆ. 2009ರಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಇಲ್ಲಿನ ಬಾಯರ್ನ್ ಕ್ಲಬ್‌ಗೆ ಬಂದಾಗ ‘ಗಾಜಿನ ಮನುಷ್ಯ’ ಅನ್ನುವ ಹೆಸರು ಅವನ ಜೊತೆಗೇ ಬಂದಿತ್ತು. 2010ರ ವಿಶ್ವಕಪ್ ಮುಗಿಸಿ ವಾಪಸ್ ಬಂದರೆ ತೊಡೆ ಹರಿದಿದೆ. ತಿಂಗಳುಗಟ್ಟಲೆ ಆಡಲಾಗಲಿಲ್ಲ. ಕ್ಲಬ್‌ಗೂ ಡಚ್ ಫುಟ್‌ಬಾಲ್ ಸಂಸ್ಥೆಗೂ ದೊಡ್ಡ ಜಗಳ. ಕೊನೆಗೆ 2012ರ ಮೇನಲ್ಲಿ ಡಚ್ ತಂಡ ಇಲ್ಲಿಗೇ ಬಂದು ಬಾಯರ್ನ್ ಜೊತೆ ಒಂದು ಮ್ಯಾಚ್ ಆಡಿ ಲೆಕ್ಕ ಚುಕ್ತಾ ಮಾಡಿತು. ಮರುವರ್ಷ ಚಾಂಪಿಯನ್ಸ್ ಲೀಗ್ ಫೈನಲ್‌ನ 89ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದವನು ಇದೇ ಗಾಜಿನ ಮನುಷ್ಯ. 2019ರವರೆಗೂ ಇಲ್ಲೇ ಆಡಿದ.

ಹಾಸನದಿಂದ, 2.20

ಅಕ್ಕ, ಡಚ್ಚರ ತನಕ ಯಾಕೆ ಹೋಗಬೇಕು? ನಮ್ಮ ಕಡೆ ಮನೆಗಳಲ್ಲಿ ‘ಮಗು ಸೂಕ್ಷ್ಮ’ ಅಂತೀವಲ್ಲ. ಸ್ವಲ್ಪ ಗಾಳಿ ತಾಗಿದರೆ ನೆಗಡಿ, ಹೊರಗಿನ ನೀರು ಕುಡಿದರೆ ಜ್ವರ. ‘ಅವಳ ಮೈ ಸೂಕ್ಷ್ಮ’, ‘ಅವನ ಹೊಟ್ಟೆ ಸೂಕ್ಷ್ಮ’. ಈಗ ಕಾಯಿಲೆ ಇದೆ ಅಂತ ಅಲ್ಲ, ಬೇಗ ಆಗುತ್ತದೆ ಅಂತ. ಬೈಗುಳವೂ ಅಲ್ಲ. ಡೆಂಬೆಲೆಗೆ ‘ತೊಡೆ ಸೂಕ್ಷ್ಮ’ ಅಂದರೆ ಸಾಲದಾ?

ಶಿವಮೊಗ್ಗದಿಂದ, 2.35

‘ಸೂಕ್ಶ್ಮ’ ಸಂಸ್ಕ್ರುತ.

ಹಾಸನದಿಂದ, 2.40

ನಮ್ಮ ಅಜ್ಜಿಗೆ ಸಂಸ್ಕೃತ ಬರುತ್ತಿರಲಿಲ್ಲ ಸಾರ್.

ಧಾರವಾಡದಿಂದ, 3.00

ಹಾಸನದ ತಂಗಿ ಹೇಳಿದ್ದು ಸರಿ ಇದೆ. ‘ಇಂಜುರಿ ಪ್ರೋನ್’ ಇಡಿ ಅಂದಿದ್ದೆ, ಇದು ಅದಕ್ಕಿಂತ ಮೇಲು.

ಶಿವಮೊಗ್ಗದವರಿಗೆ ಒಂದು ಪ್ರಶ್ನೆ. ಡೆಂಬೆಲೆಯನ್ನು ‘ಆಸ್ಪತ್ರೆ’ಗೆ ಒಯ್ದರು ಅಂತ ಬರೆಯಬೇಕಾಗುತ್ತದೆ. ಅದು ಇಂಗ್ಲಿಷಿನದು. ನಮ್ಮ ಕಡೆಯ ‘ದವಾಖಾನೆ’ ಅರಬ್ಬಿ ಪಾರ್ಸಿ ಸೇರಿದ್ದು. ನೀವು ಎಲ್ಲಿಗೆ ಒಯ್ಯುತ್ತೀರಿ?

ಶಿವಮೊಗ್ಗದಿಂದ, 3.20

ಬಂದು ನೂರಾರು ವರ್ಶವಾಗಿ, ಓದು ಬರಹ ಇಲ್ಲದವರ ಬಾಯಲ್ಲೂ ಕೂತ ಪದಕ್ಕೆ ನನ್ನ ತಕರಾರು ಇಲ್ಲ. ಆಸ್ಪತ್ರೆ ಇರಲಿ, ಜಾಸ್ತಿ ಇರಲಿ. ಹೊಸದಾಗಿ ಒಂದು ಪದ ಬೇಕಾದಾಗ ಮೊದಲ ಹೆಜ್ಜೆಗೇ ಸಂಸ್ಕ್ರುತದ ಕಡೆ, ಇಲ್ಲವೇ ಇಂಗ್ಲಿಶಿನ ಕಡೆ ಕೈ ಚಾಚುವ ಚಾಳಿಗೆ ನನ್ನ ವಿರೋದ. ನಿಮ್ಮ ಸರ್ಕಾರಿ ಬಾಶೆ ಯಾರಿಗೂ ತಿಳಿಯದ ಹಾಗೆ ಆಗಿದ್ದು ಆ ಚಾಳಿಯಿಂದಲೇ. ಇದನ್ನು ಒಪ್ಪಿದರೆ ಮುಂದೆ ಮಾತಾಡೋಣ. ಒಪ್ಪದಿದ್ದರೆ ಬೇಡ.

ಮೈಸೂರಿನಿಂದ, 3.30

ಓದು ಬರಹ ಇಲ್ಲದವರ ಬಾಯಲ್ಲಿ ಕೂತದ್ದು ಸರಿ ಎಂದಾದರೆ ‘ಗಾಯ’ ಹಳ್ಳಿ ಹಳ್ಳಿಯಲ್ಲಿ ಕೂತು ಎಷ್ಟು ಕಾಲವಾಯಿತು? ಬೆಳಿಗ್ಗೆ ಅದನ್ನು ಓಡಿಸಲು ಹೊರಟವರು ಯಾರು?

ಬೆಂಗಳೂರಿನಿಂದ, ಸಂಜೆ 5.50

ಪುಟ ಹೋಯಿತು. ಶೀರ್ಷಿಕೆ ‘ಕಾಲ್ಚಳಕ ಸರಿ, ತೊಡೆ ಸೂಕ್ಷ್ಮ’. ಒಳಗೆ ಗೆಟಾಫೆಯ ಕಥೆ ಬರುವ ಕಡೆ ‘ತೊಡೆಯ ಸ್ನಾಯುರಜ್ಜು ಹರಿಯಿತು’ ಅಂತಲೇ ಬರೆದೆ. ಮಂಡಿ ತೆಗೆದೆ. ಉಳಿದ ಕಡೆ ಎಲ್ಲೆಲ್ಲಿ ಏನಾಯಿತೋ ಅದನ್ನೇ ಹೇಳಿದ್ದೇನೆ. ಹಾಗೆ ಬರೆಯುತ್ತಾ ಹೋದರೆ ‘ಪ್ರೋನ್’ ಅರ್ಧಕ್ಕರ್ಧ ಬೇಕಾಗುವುದೇ ಇಲ್ಲ.

‘ಬದಿಯಾಟಗಾರ’ ಒಮ್ಮೆ ಬಳಸಿದೆ, ಇಷ್ಟವಾಯಿತು. ಆದರೆ ಲೇಖನದ ಕೊನೆಗೆ ಕೋಚ್ ಲೂಯಿಸ್ ಎನ್ರಿಕೆ ಅವನನ್ನು ಬದಿಯಿಂದ ನಡುವಿಗೆ ತರುತ್ತಾರೆ. ಅಲ್ಲಿಂದಲೇ 2025ರ ಚಾಂಪಿಯನ್ಸ್ ಲೀಗ್, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಎಲ್ಲ. ಅಷ್ಟು ಹೊತ್ತಿಗೆ ಬದಿಯೂ ಇಲ್ಲ, ವಿಂಗೂ ಇಲ್ಲ. ಬರೀ ‘ಡೆಂಬೆಲೆ’ ಅಂತ ಬರೆದು ಮುಗಿಸಿದೆ.

ನಾಳೆ ಇನ್ನೊಬ್ಬ ಆಟಗಾರ, ಗ್ಯಾರೆತ್ ಬೇಲ್. 2020ರಲ್ಲಿ ರಿಯಲ್ ಮ್ಯಾಡ್ರಿಡ್ ಅವನನ್ನು ಒಂದು ಸೀಸನ್ ಮಟ್ಟಿಗೆ ಟಾಟನ್‌ಹ್ಯಾಮ್‌ಗೆ ‘ಲೋನ್’ ಮೇಲೆ ಕಳಿಸಿತು. ಇದಕ್ಕೆ ಏನು?

ಮೈಸೂರಿನಿಂದ, 6.10

ಕಡ. ಒಳ್ಳೆಯ ಹಳಗನ್ನಡ ಪದ. ‘ಕಡದ ಆಟಗಾರ’.

ಶಿವಮೊಗ್ಗದಿಂದ, 6.25

ಎರವಲು. ಕಡ ತಂದ ಅಕ್ಕಿಯನ್ನು ಉಂಡು, ಅಶ್ಟೇ ಬೇರೆ ಅಕ್ಕಿ ಅಳೆದು ಕೊಡುತ್ತೇವೆ. ಎರವಲು ತಂದದ್ದನ್ನು ಅದನ್ನೇ ವಾಪಸ್ ಕೊಡಬೇಕು. ಟಾಟನ್‌ಹ್ಯಾಮ್ ಮ್ಯಾಡ್ರಿಡ್‌ಗೆ ಬೇಲ್‌ನನ್ನೇ ವಾಪಸ್ ಕಳಿಸಿತು, ಅವನ ತೂಕದ ಇನ್ನೊಬ್ಬನನ್ನಲ್ಲ.

ಮೈಸೂರಿನಿಂದ, 6.40

‘ವಾಪಸ್’ ಪಾರ್ಸಿ. ಉಳಿದದ್ದು ಸರಿ ಇದೆ.