ಕಾರವಾರದ ತೇವಕ್ಕೆ ತಡೆಯುವ ಬ್ಯಾಜರ್ ಶೇವಿಂಗ್ ಬ್ರಷ್: ಏನು ನೋಡಿ ತಗೊಳ್ಳಬೇಕು?

ಕೋಡಿಬಾಗ_ಗಾಳಿ

ನಮಸ್ಕಾರ ಎಲ್ಲರಿಗೂ. ಬ್ಯಾಜರ್ ಎಂಬ ಪ್ರಾಣಿಯ ಕೂದಲಿನ ಬ್ರಷ್ ಒಂದು ತಗೊಳ್ಳುವುದಿದೆ. 7 ಸಾವಿರ ರೂಪಾಯಿಯ ಒಳಗೆ ಆಗಬೇಕು. ಬಳಸುವುದು ಡಬ್ಬಿಯ ಗಟ್ಟಿ ಸಾಬೂನು, ಟ್ಯೂಬಿನ ಕ್ರೀಮ್ ಇಲ್ಲ. ಬಟ್ಟಲು ಗಿಟ್ಟಲು ಏನಿಲ್ಲ, ನೊರೆ ಕೆನ್ನೆಯ ಮೇಲೇ ಎಬ್ಬಿಸುವುದು. ದಿನ ಬಿಟ್ಟು ದಿನ ದಾಡಿ. ಮನೆ ಸಮುದ್ರಕ್ಕೆ ಹತ್ತಿರ, ಬಾವಿ ನೀರು ಏಪ್ರಿಲ್ ದಾಟಿದರೆ ತುಸು ಉಪ್ಪು.

ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂದೆಲ್ಲ ಬರೆದಿರುತ್ತಾರಲ್ಲ, ದುಡ್ಡಿನಷ್ಟೇ ವ್ಯತ್ಯಾಸ ಕೈಗೂ ಸಿಗುತ್ತದೆಯೇ? ಅಳತೆ ಎಷ್ಟಿರಬೇಕು? ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಯಾವುದು ಬಾಳಿಕೆ ಬರುತ್ತದೆ?

---

ಘಟ್ಟದ_ಮೇಲಿನವ (ಸಿರ್ಸಿ)

ಹೆಸರಿನಿಂದ ಶುರು ಮಾಡಬೇಡಿ ಮಾರಾಯ್ರೆ. ಬ್ಯಾಜರ್ ದರ್ಜೆಗಳಿಗೆ ಐಎಸ್‌ಐ ಮಾರ್ಕಿನಂಥ ಯಾವ ಅಳತೆಗೋಲೂ ಇಲ್ಲ, ಅವರವರ ಕಂಪನಿಗೆ ಅವರವರದೇ ಲೆಕ್ಕ. 1919ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಸಿಂಪ್ಸನ್ ಕಂಪನಿ ಪ್ಯೂರ್, ಬೆಸ್ಟ್, ಸೂಪರ್ ಎನ್ನುತ್ತದೆ. ಜರ್ಮನಿಯ ಮ್ಯೂಲೆ ಫೈನ್, ಪ್ಯೂರ್, ಸಿಲ್ವರ್‌ಟಿಪ್ ಎನ್ನುತ್ತದೆ. ಒಬ್ಬರ ಪ್ಯೂರ್ ಇನ್ನೊಬ್ಬರ ಪ್ಯೂರಿಗೆ ಸಮ ಎಂದು ತಿಳಿಯಬೇಡಿ. ಇನ್ನೊಂದು ಗುಂಡಿ ಇದೆ: ಮ್ಯೂಲೆಯ 'ಸಿಲ್ವರ್‌ಟಿಪ್ ಫೈಬರ್' ಬ್ಯಾಜರ್ ಅಲ್ಲವೇ ಅಲ್ಲ, ಕೃತಕ ಎಳೆ. ಬಣ್ಣದ ಪಟ್ಟಿ ನೋಡಿ ಬ್ಯಾಜರ್ ಎಂದುಕೊಂಡೇ ಎಷ್ಟೋ ಜನ ಆರ್ಡರ್ ಹಾಕುತ್ತಾರೆ.

ಸ್ಥೂಲವಾಗಿ ಹೇಳುವುದಾದರೆ ಪ್ಯೂರ್ ಕಪ್ಪು-ಬೂದು ಬಣ್ಣದ ಒರಟು ಕೂದಲು, ತುದಿ ಚುಚ್ಚುತ್ತದೆ. ಬೆಸ್ಟ್ ಅದಕ್ಕಿಂತ ಸಣ್ಣ ಎಳೆ. ಸಿಲ್ವರ್‌ಟಿಪ್ ಅಥವಾ ಸೂಪರ್‌ನಲ್ಲಿ ಬುಡ ತಿಳಿ, ನಡುವೆ ಕಪ್ಪು ಪಟ್ಟಿ, ತುದಿ ಕೆನೆಬಣ್ಣ; ಇದನ್ನೇ ಮೂರು ಪಟ್ಟಿ ಎನ್ನುವುದು. ಎರಡು ಪಟ್ಟಿಯದು ಬುಡದಿಂದಲೇ ಕಪ್ಪು, ತುದಿ ಬಿಳಿ. ಮುಟ್ಟಲು ಮೃದು, ಒತ್ತಿದರೆ ಗಟ್ಟಿ. ಗಟ್ಟಿ ಸಾಬೂನು ಎತ್ತಿ ಕೆನ್ನೆಯ ಮೇಲೆ ತಿರುಗಿಸುವವರಿಗೆ ಈ ಬಿಗಿ ಬೇಕಾಗುತ್ತದೆ.

ಈಗ ಅಳತೆ. ನಾಟ್ ಎಂದರೆ ಕೂದಲಿನ ಕಟ್ಟು ಹಿಡಿಕೆಗೆ ಇಳಿಯುವಲ್ಲಿನ ದಪ್ಪ. ಲಾಫ್ಟ್ ಎಂದರೆ ಅಲ್ಲಿಂದ ತುದಿಯವರೆಗಿನ ಎತ್ತರ. ಲಾಫ್ಟನ್ನು ನಾಟಿನಿಂದ ಭಾಗಿಸಿ. 2ರ ಆಸುಪಾಸು ಬಂದರೆ ಬಿಗಿ, 2.2 ದಾಟಿದರೆ ತುದಿ ಓಲಾಡುತ್ತದೆ, ಬಟ್ಟಲಿನಲ್ಲಿ ಕ್ರೀಮ್ ಕಲಸಲಷ್ಟೇ ಸರಿ. ನಿಮ್ಮ ಕೆಲಸಕ್ಕೆ ನಾಟ್ 24 ಮಿಮೀ, ಲಾಫ್ಟ್ 48ರಿಂದ 51, ಬಲ್ಬ್ ಆಕಾರ. ಫ್ಯಾನ್ ಆಕಾರ ಅಗಲಕ್ಕೆ ಹರಡುತ್ತದೆ, ಮೂಗಿನ ಕೆಳಗೆ ಮತ್ತು ತುಟಿಯ ಅಂಚಿನಲ್ಲಿ ನೊರೆ ಬೇಡದ ಕಡೆಗೆಲ್ಲ ಹೋಗುತ್ತದೆ.

28, 30 ಮಿಮೀ ನಾಟ್ ಫೋಟೋದಲ್ಲಿ ಚಂದ. ಆದರೆ ಕಟ್ಟು ದಪ್ಪವಾದಷ್ಟೂ ನಡುಬುಡ ಒಣಗುವುದು ತಡ, ನಿಮ್ಮಲ್ಲಂತೂ ಜುಲೈಯಲ್ಲಿ ತೊಳೆದ ಪಂಚೆಯೇ ಮೂರು ದಿನ ಒಣಗುವುದಿಲ್ಲ. ಸಿಂಪ್ಸನ್‌ನ ಚಬ್ಬಿ 2 ಸುಮಾರು 27 ಮಿಮೀ ನಾಟಿನ ಗಿಡ್ಡ, ಭಾರೀ ದಟ್ಟ ಬ್ರಷ್. ಹೆಸರುವಾಸಿಯೇ ಸರಿ, ಆದರೆ ನಿಮ್ಮ ಬಜೆಟ್ಟಿಗೂ ಕರಾವಳಿಯ ಹವೆಗೂ ಹೊಂದುವುದಲ್ಲ.

ಹಿಡಿಕೆ ರೆಸಿನ್‌ನದೇ (ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು) ಇರಲಿ. ಮರ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ನಾಲ್ಕಾರು ಸಲ ಹೀಗಾದರೆ ಪಾಲಿಶ್ ಬಿರಿದು ನಾಟಿನ ಸುತ್ತ ಸೀಳು ಬೀಳುತ್ತದೆ. ಕೊಂಬಿನದು ಪದರ ಬಿಡುತ್ತದೆ. ಲೋಹದ ಉಂಗುರವಿದ್ದರೆ ಉಪ್ಪುಗಾಳಿಗೆ ಮೊದಲು ಕಲೆ ಬೀಳುವುದು ಅದಕ್ಕೇ.

---

ಕುಮಟೆ_ಬಂದರು

ಬ್ರಷ್ ಆಮೇಲೆ, ಮೊದಲು ನೀರು ನೋಡಿ. ಉಪ್ಪು ಅಥವಾ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಒಡೆದ ಮೊಸರಿನಂತೆ ಕಣಕಣ ಆಗುತ್ತದೆ. ಜನ ಬೈಯುವುದು ಮಾತ್ರ ಬ್ರಷ್ಷನ್ನು. ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಉಗುರಿನಷ್ಟು ಸಾಬೂನು ಕೆರೆದು ಹಾಕಿ, ಮುಚ್ಚಳ ಬಿಗಿದು 10 ಸಲ ಕುಲುಕಿ. ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಸರಿ. ನೀರು ಹಾಲಿನಂತಾಗಿ ಮೇಲೆ ಕೆನೆಗಟ್ಟಿದರೆ ಆ ನೀರು ಬೇಡ.

ಆಗ ಒಂದು ಲೋಟ ಫಿಲ್ಟರ್ ನೀರು ಬೇರೆ ಇಟ್ಟುಕೊಳ್ಳಿ, ಬ್ರಷ್ ನೆನೆಸಲು ಮತ್ತು ನೊರೆಗೆ ಹನಿಸಲು ಅಷ್ಟು ಸಾಕು. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದರೆ ಅದೇ ಬೆಸ್ಟು. ಆದರೆ ಮೊದಲ ಎರಡು ಮಳೆಯದು ಬಿಟ್ಟುಬಿಡಿ, ಹಂಚಿನ ಮೇಲಿನ ಕಸವೆಲ್ಲ ಇಳಿದಿರುತ್ತದೆ. ಮುಖ ತೊಳೆಯಲು ಬಾವಿ ನೀರೇ ಆದೀತು.

ಗಡಸು ನೀರಿನ ಗಸಿ ಕೂದಲಿಗೆ ಮೆತ್ತಿದರೆ ಬ್ರಷ್ ಮೇಣ ಸವರಿದಂತಾಗಿ ನೀರು ಹಿಡಿಯುವುದಿಲ್ಲ. ಆಗ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ, ಕೂದಲು ಮಾತ್ರ ಮುಳುಗುವಂತೆ 5 ನಿಮಿಷ ಇಟ್ಟು ತೊಳೆಯಿರಿ. ತಿಂಗಳಿಗೆ ಒಮ್ಮೆ ಸಾಕು.

---

ಶರಾವತಿ_ಕಡವು (ಹೊನ್ನಾವರ)

ಒಂದು ಅಡ್ಡಮಾತು. 7 ಸಾವಿರಕ್ಕೆ ಒಂದು ಸಾಧಾರಣ ಬ್ಯಾಜರ್ ಬರುವ ಜಾಗದಲ್ಲಿ ಎರಡು ಉತ್ತಮ ಸಿಂಥೆಟಿಕ್ ಬ್ರಷ್ ತಗೊಂಡು ದುಡ್ಡೂ ಮಿಗುತ್ತದೆ. ಈಗಿನ ಸಿಂಥೆಟಿಕ್ ಎಂದರೆ ಅಂಗಡಿಯಲ್ಲಿ ನೇತುಹಾಕಿರುವ ನೈಲಾನ್ ಪೊರಕೆಯಲ್ಲ. ಎಳೆ ನೀರು ಕುಡಿಯುವುದಿಲ್ಲ, ನೆನೆಸುವ ಗೊಡವೆ ಇಲ್ಲ, ನಾಲ್ಕು ಸಲ ಕೊಡವಿದರೆ ಸಂಜೆಯೊಳಗೆ ಒಣಗಿರುತ್ತದೆ. ಹುಳವೂ ತಿನ್ನುವುದಿಲ್ಲ. ಕೊರತೆ ಒಂದೇ: ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದಿಲ್ಲ, ಹಾಗಾಗಿ ನೊರೆಗೆ ಆಗಾಗ ಹನಿಸುತ್ತಿರಬೇಕು.

ಪ್ರಾಣಿಯ ಕೂದಲು ಬೇಡ ಎನ್ನುವವರಿಗೂ ಅದೇ ದಾರಿ. ಬ್ರಷ್ಷಿಗೆ ಬರುವ ಬ್ಯಾಜರ್ ಕೂದಲಿನ ಬಹುಪಾಲು ಚೀನಾದ್ದು, ನಮ್ಮ ಕಾಡಿನ ತರಕರಡಿಗೂ (ಹನಿ ಬ್ಯಾಜರ್) ಅದಕ್ಕೂ ಸಂಬಂಧವಿಲ್ಲ. ಆದರೆ ಊರಿನ ಸಂತೆಯಲ್ಲೋ ಎಲ್ಲೋ ಬಿಲ್ಲಿಲ್ಲದೆ 'ಒರಿಜಿನಲ್ ಕೂದಲು' ಎಂದು ಪಟ್ಟಿಪಟ್ಟಿ ಕಂದುಬಣ್ಣದ ಬ್ರಷ್ ಮಾರಿದರೆ ಮುಟ್ಟಬೇಡಿ. ಮುಂಗುಸಿ ಕೂದಲಿಗೂ ಹೀಗೇ ಪಟ್ಟಿ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

---

ಘಟ್ಟದ_ಮೇಲಿನವ

ಹೊನ್ನಾವರದವರ ಮಾತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂರಕ್ಕೆ ನೂರು ಒಪ್ಪಿದೆ. ಆದರೆ ಬ್ಯಾಜರ್ ಹಿಡಿದಿಡುವ ನೀರು ಮತ್ತು ಬಿಸುಪೇ ಗಟ್ಟಿ ಸಾಬೂನಿನಲ್ಲಿ ಕೆಲಸ ಮಾಡುವುದು. ಅದು ಬೇಕೆಂದೇ ಅವರು ಕೇಳುತ್ತಿದ್ದಾರಲ್ಲ.

---

ಕೋಡಿಬಾಗ_ಗಾಳಿ

ಆನ್‌ಲೈನಿನಲ್ಲಿ ಒಂದು ಕಣ್ಣಿಗೆ ಬಿದ್ದಿದೆ. ಸಿಲ್ವರ್‌ಟಿಪ್, ನಾಟ್ 26, ಲಾಫ್ಟ್ 60, ಶೀಶಮ್ ಮರದ ಹಿಡಿಕೆ, 2,200 ರೂಪಾಯಿ. ಫೋಟೋದಲ್ಲಿ ತುದಿ ಹತ್ತಿಯ ಹಾಗೆ ಬೆಳ್ಳಗಿದೆ. ಹೇಗೆ?

---

ಘಟ್ಟದ_ಮೇಲಿನವ

ಬೇಡ. 60ನ್ನು 26ರಿಂದ ಭಾಗಿಸಿ, 2.3. ಒದ್ದೆ ಆದಕೂಡಲೇ ಜೋಲುತ್ತದೆ, ಗಟ್ಟಿ ಸಾಬೂನಿನ ಮೇಲೆ ತಿರುಗಿಸಿದರೆ ಸಾಬೂನು ಏಳುವುದೇ ಇಲ್ಲ. ತುದಿ ಹತ್ತಿಯಷ್ಟು ಬಿಳಿ ಎಂದರೆ ಬ್ಲೀಚ್ ಮಾಡಿದ ಅನುಮಾನ. ಸಹಜ ಸಿಲ್ವರ್‌ಟಿಪ್ ಹಾಲಿನ ಕೆನೆಯ ಬಣ್ಣಕ್ಕೆ ಹತ್ತಿರ, ಎಳೆಯಿಂದ ಎಳೆಗೆ ಚೂರು ಹೆಚ್ಚುಕಮ್ಮಿ. ಬ್ಲೀಚ್ ಮಾಡಿದ್ದು ಮೊದಲು ಬಹಳ ನುಣುಪು, ಆಮೇಲೆ ತುದಿ ಬೇಗ ಮುರಿಯುತ್ತದೆ. ಮರದ ಹಿಡಿಕೆ ಯಾಕೆ ಬೇಡ ಎಂದು ಮೇಲೇ ಬರೆದಾಗಿದೆ.

ಯಾವುದೇ ಬ್ರಷ್ ಮನೆಗೆ ಬಂದ ದಿನವೇ, ರಿಟರ್ನ್ ಅವಧಿ ಮುಗಿಯುವ ಮೊದಲು ಇಷ್ಟು ನೋಡಿ. ಕೂದಲಿನ ಬುಡದ ಸುತ್ತ ದಾರ ಸುತ್ತಿ ಅಳೆದರೆ 24 ಮಿಮೀ ನಾಟಿಗೆ ಸುಮಾರು 75 ಮಿಮೀ ಬರಬೇಕು, 26ಕ್ಕೆ 82. ಒಣ ತುದಿಯನ್ನು ಮೇಲ್ದುಟಿಗೆ ಒತ್ತಿ. ಗೋಣಿ ತಾಗಿದ ಹಾಗೆ ಚುಚ್ಚಿದರೆ ಆಕಾರ ಬರಲೆಂದು ತುದಿಗೆ ಕತ್ತರಿ ಆಡಿಸಿದ್ದಾರೆ. ಒಳ್ಳೆಯ ಕಡೆ ಕೂದಲನ್ನು ಅಚ್ಚಿನಲ್ಲಿ ಕೂರಿಸಿ ತುದಿ ಮುಟ್ಟದೆ ಆಕಾರ ತರುತ್ತಾರೆ, ಉದ್ದ ಸರಿಮಾಡುವುದು ಬುಡದಲ್ಲಿ. ಮತ್ತೆ ಬುಡವನ್ನು ಎರಡು ಬೆರಳಲ್ಲಿ ಹಿಚುಕಿ. ಒಳಗೆ ಅಡಿಕೆಯ ಹಾಗೆ ಗಟ್ಟಿ ಉಂಡೆ ಮೇಲಕ್ಕೆ ಬಂದಿದ್ದರೆ ಅಂಟು ಏರಿದೆ. ಲಾಫ್ಟ್ 50 ಎಂದು ಬರೆದಿದ್ದರೂ ಬಾಗುವುದು 40 ಮಾತ್ರ.

ಹೊಸ ಬ್ರಷ್ ಪ್ರಾಣಿಯ ವಾಸನೆ ಬರುತ್ತದೆ, ಅದು ದೋಷವಲ್ಲ. ಶಾಂಪೂ ಹಾಕಿ ತೊಳೆದು, ಸಾಬೂನಿನ ನೊರೆ ಎಬ್ಬಿಸಿ ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಎರಡು ಮೂರು ಸಲದಲ್ಲಿ ಹೋಗುತ್ತದೆ. ಮೊದಲ ಐದಾರು ದಾಡಿಯಲ್ಲಿ ನಾಲ್ಕಾರು ಕೂದಲು ಉದುರುವುದೂ ಸಹಜ. ಗೊಂಚಲಾಗಿ ಬಂದರೆ ಅಥವಾ ಹತ್ತು ದಾಡಿ ಆದರೂ ನಿಲ್ಲದಿದ್ದರೆ ಅಂಟು ಕೂದಲಿನ ಬುಡಕ್ಕೆ ಇಳಿದಿಲ್ಲ, ವಾಪಸ್ ಕಳಿಸಿ.

---

ಅಂಕೋಲೆ_ಕರಿಇಷಾಡ

ತಗೊಳ್ಳುವುದು ಹೇಗೆಂದು ಎಲ್ಲ ಹೇಳಿದರು, ಹಾಳಾಗುವುದು ಹೇಗೆಂದು ಬರೆಯುತ್ತೇನೆ. ಮುಖ್ಯವಾಗಿ ಮೂರು ಕಾರಣ.

ಒಂದು, ಹಂಡೆ ನೀರು. ಬಚ್ಚಲ ಒಲೆಯ ಹಂಡೆಯಿಂದ ಮೊಗೆದ ಕುದಿನೀರಿಗೆ ಬ್ರಷ್ ಅದ್ದಿದರೆ ಕೂದಲು ಬಿರುಸಾಗುತ್ತದೆ, ಅಂಟೂ ಸಡಿಲವಾಗುತ್ತದೆ. ಮಣಿಕಟ್ಟಿಗೆ ಹಿತವೆನಿಸುವಷ್ಟು, ಅಂದಾಜು 40 ಡಿಗ್ರಿ ಸಾಕು. ಕೂದಲಷ್ಟೇ ಮುಳುಗುವಂತೆ 2–3 ನಿಮಿಷ ನೆನೆಸಿ. ಹಿಡಿಕೆ ನೀರೊಳಗೆ ಇಳಿಯಬಾರದು.

ಎರಡು, ಒತ್ತುವುದು. ಸಾಬೂನಿನ ಡಬ್ಬಿಗೆ ಬ್ರಷ್ಷನ್ನು ಒನಕೆಯ ಹಾಗೆ ನೆಟ್ಟಗೆ ಕುಟ್ಟಿ ತಿರುವಿದರೆ ನಡುವಿನ ಕೂದಲು ಬುಡದಲ್ಲೇ ತುಂಡಾಗುತ್ತದೆ. ವರ್ಷ ಕಳೆಯುವುದರೊಳಗೆ ನಡುವೆ ಉದ್ದಿನ ವಡೆಯ ತೂತು. ನೆನೆದ ಬ್ರಷ್ಷನ್ನು ಒಮ್ಮೆ ಹಿಂಡಿ, ಎರಡು ಸಲ ಕೊಡವಿ, ತುದಿಯ ಮೂರನೇ ಒಂದು ಪಾಲು ಮಾತ್ರ ಬಾಗುವಂತೆ ಸಾಬೂನಿನ ಮೇಲೆ 25–30 ಸುತ್ತು ತಿರುಗಿಸಿ. ತುದಿಯಲ್ಲಿ ಗಟ್ಟಿ ಪೇಸ್ಟ್ ಕಂಡರೆ ಸಾಕು, ಗುಳ್ಳೆ ಕಂಡರೆ ನೀರು ಜಾಸ್ತಿ. ಆಮೇಲೆ ಕೆನ್ನೆಯ ಮೇಲೆ ಒಂದೆರಡು ನಿಮಿಷ. ನಡುವೆ ಮೂರ್ನಾಲ್ಕು ಸಲ ತುದಿ ಮಾತ್ರ ನೀರಿಗೆ ತಾಗಿಸಿ. ಒಮ್ಮೆಲೇ ಹೊಯ್ದರೆ ನೊರೆ ಕುತ್ತಿಗೆಗೆ ಇಳಿದೀತು.

ಮೂರು, ತೇವ. ನೀರು ತಿಳಿಯಾಗಿ ಬರುವವರೆಗೆ ತೊಳೆದು, ಮೆಲ್ಲಗೆ ಹಿಂಡಿ, ಐದಾರು ಸಲ ಕೊಡವಿ, ಒಣ ಬಟ್ಟೆಯ ಮೇಲೆ ಆಚೆ ಈಚೆ ಸವರಿ. ಹಿಡಿದು ಜಗ್ಗಬಾರದು. ಮತ್ತೆ ಬಚ್ಚಲಿನಿಂದ ಹೊರಗೆ ತನ್ನಿ! ಮಳೆಗಾಲದಲ್ಲಿ ಜಗುಲಿಯಲ್ಲಿ ಫ್ಯಾನಿನ ಗಾಳಿಗೆ ಇಡಿ, ಬಿಸಿಲಿಗೂ ಒಲೆಯ ಹೊಗೆಗೂ ಬೇಡ. ಕೂದಲು ಬಿಡಿಸಿ ಬುಡ ಮುಟ್ಟಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿ ಮುಚ್ಚಿದರೆ ಬೂಷ್ಟನ್ನು ಸಾಕಿದ ಹಾಗೇ. ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಮೇಲೆ ಹೇಳಿದ ವಿನೆಗರ್ ನೀರು, ಆಮೇಲೆ ಶಾಂಪೂ. ಅಷ್ಟಾಗಿಯೂ ಮುಗ್ಗಲು ವಾಸನೆ ಉಳಿದರೆ ಮುಖಕ್ಕೆ ತಾಗಿಸಬೇಡಿ.

ಎತ್ತಿಡುವುದಾದರೆ ವಾರವಿಡೀ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಿ. ಸಾಬೂನಿನ ಅಂಶ ಉಳಿದಿದ್ದರೆ ಜಿರಳೆ ಬರುತ್ತದೆ. ಉಣ್ಣೆ ಬಟ್ಟೆ ತಿನ್ನುವ ಹುಳವೂ ಈ ಕೂದಲನ್ನು ಬಿಡುವುದಿಲ್ಲ.

---

ಕುಮಟೆ_ಬಂದರು

ಒಣಗಲು ತಲೆಕೆಳಗಾಗಿ ನೇತುಹಾಕಬೇಕು ಅಲ್ಲವೇ? ಸ್ಟ್ಯಾಂಡ್ ಮಾರುವುದು ಮತ್ತೇಕೆ?

---

ಅಂಕೋಲೆ_ಕರಿಇಷಾಡ

ಕೊಡವಿದ ಮೇಲೆ ಉಳಿಯುವ ನೀರು ಎಳೆಗಳ ಸಂದಿಯಲ್ಲಿ ಬಿಗಿಯಾಗಿ ಕೂತಿರುತ್ತದೆ, ತಲೆಕೆಳಗೆ ಮಾಡಿದರೂ ಇಳಿಯುವುದಿಲ್ಲ. ಗಾಳಿಯೇ ಒಣಗಿಸಬೇಕು. ನಿಲ್ಲಿಸಿದರೂ ನೇತುಹಾಕಿದರೂ ಅಡ್ಡಿಯಿಲ್ಲ. ಸ್ಟ್ಯಾಂಡಿನ ದುಡ್ಡು ಬ್ರಷ್ಷಿಗೆ ಸೇರಿಸಿ.

---

ಕೋಡಿಬಾಗ_ಗಾಳಿ

ಎಲ್ಲರಿಗೂ ಉಪಕಾರವಾಯಿತು. 24/50, ಬಲ್ಬ್, ರೆಸಿನ್ ಹಿಡಿಕೆ, ಎರಡು ಪಟ್ಟಿ ಎಂದು ಗಟ್ಟಿ ಮಾಡಿದೆ. ಮಳೆಗಾಲಕ್ಕೆ ಒಂದು ಸಿಂಥೆಟಿಕ್. ಒಂದು ಕೊನೆಯ ಪ್ರಶ್ನೆ: ಗಾಯಕ್ಕೆ ಪಟಿಕ ತಿಕ್ಕಿದ ಮೇಲೆ ಅದೇ ಲೋಟದ ನೀರಲ್ಲಿ ಬ್ರಷ್ ತೊಳೆಯಬಹುದೇ?

---

ಘಟ್ಟದ_ಮೇಲಿನವ

ಬೇಡ. ಪಟಿಕ ಕರಗಿದ ನೀರು ಸಾಬೂನನ್ನು ಒಡೆಯುತ್ತದೆ, ಆ ಅಂಟು ಗಸಿ ಕೂದಲಿನ ಬುಡಕ್ಕೇ ಕೂರುತ್ತದೆ. ಮೊದಲು ಬ್ರಷ್ ತೊಳೆದು ಒಣಗಲಿಡಿ, ಆಮೇಲೆ ಪಟಿಕಕ್ಕೆ ಕೈ ಹಾಕಿ.