ಅಪ್‌ಡೇಟ್: ಇ-ರೀಡರ್‌ನಲ್ಲಿ ತೆರೆಯದ ಇ-ಪುಸ್ತಕ, ಕಾರಣ ಸಿಕ್ಕಿತು

ಕೊಂಡ ಇ-ಪುಸ್ತಕ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತದೆ, ಇ-ರೀಡರ್‌ಗೆ ಹಾಕಿದರೆ ಮಾತ್ರ ಪರವಾನಗಿಯ ದೋಷ ಬರುತ್ತದೆ, ಏಕೆ ಎಂದು ಕೇಳಿದ್ದೆ.

ಡೌನ್‌ಲೋಡ್ ಆಗುವ ಎಸಿಎಸ್‌ಎಂ ಫೈಲು ಪುಸ್ತಕವೇ ಅಲ್ಲ, ಕೆಲವೇ ಕೆಬಿಯ ಪರವಾನಗಿ ಚೀಟಿ. ಅದನ್ನು ಮೊದಲು ತೆರೆದ ಖಾತೆಗೋ ಯಂತ್ರಕ್ಕೋ ಪುಸ್ತಕ ಅಂಟಿಕೊಳ್ಳುತ್ತದೆ. ಈ ಚೀಟಿ ತೆರೆಯುವ ತಂತ್ರಾಂಶ ಅಡೋಬ್ ಡಿಜಿಟಲ್ ಎಡಿಷನ್ಸ್‌ನಲ್ಲಿ ‘ಐಡಿ (ಅಡೋಬ್ ಖಾತೆ) ಇಲ್ಲದೆ ಅಧಿಕೃತಗೊಳಿಸು’ ಎಂಬುದಕ್ಕೆ ಟಿಕ್ ಹಾಕಿದ್ದೇ ತಪ್ಪಾಯಿತು. ಪುಸ್ತಕ ಆ ಒಂದು ಯಂತ್ರಕ್ಕೇ ಕಟ್ಟುಬಿತ್ತು. ಇಪಬ್ ಫೈಲನ್ನು, ಅಂದರೆ ಇಳಿದ ಪುಸ್ತಕವನ್ನೇ, ನಕಲು ಮಾಡಿ ಒಯ್ದರೂ ಪ್ರಯೋಜನವಿಲ್ಲ, ಬೀಗದ ಕೀ ಹಳೆಯ ಯಂತ್ರದಲ್ಲೇ ಉಳಿಯುತ್ತದೆ. ನಾವು ಕೊಳ್ಳುವುದು ಓದುವ ಅನುಮತಿಯನ್ನಷ್ಟೇ. ಇದನ್ನು ‘ಖರೀದಿಸಿ’ ಗುಂಡಿಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆಯಬೇಕು.

ಸರಿಪಡಿಸುವಾಗ ಕ್ರಮ ಮುಖ್ಯ. ಮೊದಲು ಮಾರಾಟಗಾರರಿಂದ ಪರವಾನಗಿ ರೀಸೆಟ್ ಮಾಡಿಸಿ. ಆಮೇಲಷ್ಟೇ ಅಡೋಬ್ ತಂತ್ರಾಂಶದಲ್ಲಿ ಕಂಟ್ರೋಲ್, ಶಿಫ್ಟ್, ಡಿ ಒಟ್ಟಿಗೆ ಒತ್ತಿ ಯಂತ್ರಕ್ಕೆ ಕೊಟ್ಟ ಹಳೆಯ ಅಧಿಕಾರ ತೆಗೆಯಿರಿ. ತೆಗೆದೊಡನೆ ಹಳೆಯ ಪ್ರತಿ ತೆರೆಯದು. ಐಡಿ ಹಾಕಿ ಮತ್ತೆ ಅಧಿಕೃತಗೊಳಿಸಿ, ಹೊಸ ಚೀಟಿ ತೆರೆಯಿರಿ. ಇ-ರೀಡರ್‌ಗೂ ಅದೇ ಐಡಿ ಇರಲಿ. ಒಂದು ಐಡಿಗೆ ಸಾಮಾನ್ಯವಾಗಿ 6 ಸಾಧನಗಳ ಮಿತಿಯಿದೆ, ಹಾಗಾಗಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುನ್ನ ಅದರ ಅಧಿಕಾರ ತೆಗೆಯುವುದನ್ನು ಮರೆಯಬೇಡಿ.