ಪದಚರ್ಚೆ: ಒಂದು ಸ್ಪೀಕರ್ ಮಾತ್ರ ‘ಉಲ್ಟಾ’ ಆದರೆ ಅದಕ್ಕೇನು ಹೆಸರು?

ಗೆಳೆಯರೇ,

ಮನೆಯ ಸ್ಟೀರಿಯೋಗೆ ಸ್ಪೀಕರ್ ವೈರ್ ಹಾಕಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಸಿಕ್ಕಿಕೊಂಡು ನಿಂತಿದೆ.

ಆಂಪ್ಲಿಫೈಯರ್ ಹಿಂದೆ ಕೆಂಪು, ಕಪ್ಪು ಟರ್ಮಿನಲ್ ಇರುತ್ತವೆ. ಸ್ಪೀಕರ್ ಹಿಂದೆಯೂ ಅಷ್ಟೇ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿನಲ್ಲಿ ಮಾತ್ರ ಇದು ಅದಲುಬದಲಾದರೆ ಏನೂ ಸುಡುವುದಿಲ್ಲ. ಆದರೆ ಒಂದರ ಕೋನ್ (ಅದುರಿ ದನಿ ಹೊರಡಿಸುವ ಪರದೆ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಸರಿಯುತ್ತದೆ. ಮೃದಂಗದ ಗುಮ್ಕಿಯಂಥ ತಗ್ಗಿನ ದನಿ ಸಪ್ಪೆಯಾಗುತ್ತದೆ. ನಡುವಿನಿಂದ ಬರಬೇಕಾದ ಹಾಡುಗಾರರ ದನಿ ಎಲ್ಲಿಂದಲೋ ತೇಲಿ ಬಂದ ಹಾಗಿರುತ್ತದೆ.

ಇದಕ್ಕೆ ‘ಉಲ್ಟಾ ಕನೆಕ್ಷನ್’ ಅನ್ನಬಹುದು. ಆದರೆ ಎರಡೂ ಸ್ಪೀಕರ್ ಉಲ್ಟಾ ಆದರೆ ಎರಡೂ ಒಟ್ಟಿಗೇ ಆಡುತ್ತವೆ, ಕಿವಿಗೆ ಹೆಚ್ಚುಕಮ್ಮಿ ಗೊತ್ತೇ ಆಗುವುದಿಲ್ಲ. ಕೆಡುವುದು ಒಂದು ಸರಿ, ಒಂದು ಉಲ್ಟಾ ಆದಾಗ. ಇಂಗ್ಲಿಷಿನ ‘ಔಟ್ ಆಫ್ ಫೇಸ್’ ನೋಡಿ ‘ಫೇಸ್ ತಪ್ಪಿದೆ’ ಅಂದರೆ ಇನ್ನೂ ಕಷ್ಟ. ನಮ್ಮಲ್ಲಿ ಫೇಸ್ ಅಂದರೆ ಮುಟ್ಟಿದರೆ ಹೊಡೆಯುವ ತಂತಿ, ಇಲ್ಲವೇ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್. ಯಾರಾದರೂ ಟೆಸ್ಟರ್ ಹಿಡಿದು ಹೊರಟರೆ? ‘ತಾಳ ತಪ್ಪಿದೆ’ ಚೆನ್ನಾಗಿದೆ, ಆದರೆ ಇಲ್ಲಿ ಹೊತ್ತು ತಪ್ಪಿಲ್ಲ, ದಿಕ್ಕು ತಪ್ಪಿದೆ. ‘ಎದುರುಬದುರು’ ಅಂತ ಬರೆದರೆ ಜನ ಡಬ್ಬಗಳನ್ನೇ ಒಂದಕ್ಕೊಂದು ಮುಖ ಮಾಡಿ ಇಡುತ್ತಾರೆ! ಸದ್ಯಕ್ಕೆ ‘ಜೋಡಿ ತಪ್ಪಿದೆ’ ಎಂದು ಬರೆದಿದ್ದೇನೆ. ಸರಿ ಅನ್ನಿಸುತ್ತಾ?

ಇನ್ನೊಂದು, ಇಂಪಿಡೆನ್ಸ್, ಅಂದರೆ ಸ್ಪೀಕರ್ ಹಾಡುವಾಗ ಕರೆಂಟಿಗೆ ಒಡ್ಡುವ ಒಟ್ಟು ತಡೆ. ಪಠ್ಯಪುಸ್ತಕದ ‘ರೋಧ’ ರೆಸಿಸ್ಟೆನ್ಸ್‌ಗೆ ಸಲ್ಲುವ ಪದ. 8 ಓಮ್ ಎಂದು ಬರೆದಿರುವ ಸ್ಪೀಕರಿಗೆ ರೆಸಿಸ್ಟೆನ್ಸ್ ಅಷ್ಟೇ ಅಳೆಯುವ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 6ರ ಆಸುಪಾಸು ತೋರಿಸುತ್ತದೆ. ‘ರೋಧ 8 ಓಮ್’ ಎಂದು ಬರೆದರೆ ಓದಿದವರು ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳಲ್ವಾ? ಹಾಗಾಗಿ ಪದವನ್ನೇ ಬಿಟ್ಟು, ‘ಎರಡು 8 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ, ಅಂದರೆ ಎರಡನ್ನೂ ಒಂದೇ ಜೋಡಿ ಟರ್ಮಿನಲ್‌ಗೆ, ಜೋಡಿಸಿದರೆ 4 ಓಮ್ ಆಗುತ್ತದೆ, ಆಂಪ್ಲಿಫೈಯರ್ ಅಷ್ಟಕ್ಕೆ ತಡೆಯುತ್ತದಾ ನೋಡಿಕೊಳ್ಳಿ’ ಎಂದಷ್ಟೇ ಹಾಕಿದೆ.

ಶಾರ್ಟ್ ಸರ್ಕ್ಯೂಟ್ ಅನ್ನಲು ಪುಸ್ತಕದಲ್ಲಿರುವ ‘ಹ್ರಸ್ವ ಮಂಡಲ’ವನ್ನಂತೂ ಮುಟ್ಟಿಲ್ಲ. ‘ಮೊದಲು ಸ್ವಿಚ್ ಆಫ್ ಮಾಡಿ. ತಂತಿಯ ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ, ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಹೋಗಬಹುದು’ ಅಂದರೆ ಯಾರಿಗಾದರೂ ತಿಳಿಯುತ್ತದೆ.

ನಿಮ್ಮೂರಿನ ಮೈಕ್ ಸೆಟ್‌ನವರು, ಜಾತ್ರೆ, ಯಕ್ಷಗಾನಕ್ಕೆ ಸೌಂಡ್ ಹಾಕುವವರು ಆ ಮೊದಲನೆಯ ದೋಷಕ್ಕೆ ಏನನ್ನುತ್ತಾರೆ? ಅವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತಿದ್ದರೆ ಅದನ್ನೇ ಹಾಕುತ್ತೇನೆ.